ಬೋರ್ಡಿಲ್ಲದ ಅಂಗಡಿ

ಆ ಬೀದಿಯಲ್ಲಿ ಯಾರನ್ನಾದರೂ ನಿಲ್ಲಿಸಿ, ಅಳತೆ ತಪ್ಪದ ಹಾಗೆ ಹೊಲಿದುಕೊಡುವವರು ಯಾರಿದ್ದಾರೆ ಎಂದು ಕೇಳಿದರೆ, ಕನ್ನಡಕದಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಒಂದು ಬೋರ್ಡಿಲ್ಲದ ಅಂಗಡಿ ಇದೆ, ಅಲ್ಲಿಗೆ ಹೋಗಿ ಅನ್ನುತ್ತಿದ್ದರು. ಹತ್ತು ಅಂಗಡಿಗಳ ಸಾಲು ಅದು. ಒಂಬತ್ತಕ್ಕೆ ಬೋರ್ಡಿತ್ತು. ಆ ಒಂಬತ್ತನ್ನೂ ಬರೆದದ್ದು ಒಂದೇ ಕೈ, ಪೇಂಟರಪ್ಪನದು. ಬೋರ್ಡಿಲ್ಲದ ಹತ್ತನೆಯದು ಅವನ ಹೆಂಡತಿ ಟೈಲರಮ್ಮನದು. ದೀಪದ ಬುಡದಲ್ಲಿ ಕತ್ತಲು ಅಂತ ಗಾದೆ ಕಟ್ಟಿದವರು ಈ ಬೀದಿಯಲ್ಲಿ ಒಂದು ಸಲ ಓಡಾಡಿಯೇ ಕಟ್ಟಿರಬೇಕು.

ಹಾಗಂತ ಪೇಂಟರಪ್ಪ ಸೋಮಾರಿಯೇನಲ್ಲ. ಮದುವೆಯಾದ ವರ್ಷವೇ ಒಂದು ತಗಡು ತಂದು, ಬಿಳಿ ಬಣ್ಣ ಬಳಿದು, ಪೆನ್ಸಿಲ್ಲಿನಲ್ಲಿ ಮೇಲೊಂದು ಕೆಳಗೊಂದು ಗೆರೆ ಎಳೆದಿಟ್ಟಿದ್ದ. ಅಷ್ಟರಲ್ಲಿ ಬೇಕರಿಯವರು ಬಂದರು. ಅವರ ಹಿಂದೆ ಶಾಲೆಯವರು, ಶಾಲೆಯವರ ಹಿಂದೆ ಲಾರಿಯವರು. ಹೊರಗಿನವರದ್ದು ಇವತ್ತು, ಮನೆಯದ್ದು ನಾಳೆ. ಟೈಲರಮ್ಮನೂ "ಆಗ್ಲಿ ಬಿಡಿ, ನಂದೇನು ಓಡಿಹೋಗುತ್ತಾ" ಅನ್ನುತ್ತಿದ್ದಳು. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಇವರ ಮನೆಯೇನೂ ಹಾಳಾಗಲಿಲ್ಲ, ಮಗಳು ಹುಟ್ಟಿ ಬೆಳೆದಳು, ಅಂಗಡಿಗೆ ಎರಡನೇ ಹೊಲಿಗೆ ಮಷೀನು ಬಂತು. ಆದರೆ ಇಪ್ಪತ್ತೆಂಟು ವರ್ಷ ಕಳೆದರೂ ಆ ನಾಳೆ ಮಾತ್ರ ಬರಲಿಲ್ಲ. ತಗಡು ಇಸ್ತ್ರಿ ಮೇಜಿನ ಹಿಂದೆ ಗೋಡೆಗೆ ಬಿಸಿ ತಾಗದಂತೆ ನಿಲ್ಲುವ ಕೆಲಸಕ್ಕೆ ಸೇರಿಕೊಂಡಿತು.

ಆಮೇಲೆ ಕೈ ನಡುಗಲು ಶುರುವಾಯಿತು. ಎರಡು ವರ್ಷದ ಹಿಂದೆ ಹಲ್ಲಿನ ಡಾಕ್ಟರ ಬೋರ್ಡು ಬರೆಯುವಾಗ ಒಂದು ತಲೆಕಟ್ಟು ಕೂದಲೆಳೆಯಷ್ಟು ಅಲುಗಿತು. ಡಾಕ್ಟರಿಗೆ ಗೊತ್ತಾಗಲಿಲ್ಲ, ಬೀದಿಗೂ ಗೊತ್ತಾಗಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಪೇಂಟರಪ್ಪ ಮನೆಗೆ ಬಂದು ಬ್ರಷ್ಷುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಡಬ್ಬಿಯಲ್ಲಿ ನಿಲ್ಲಿಸಿ, ಆ ಡಬ್ಬಿಯನ್ನು ಕಪಾಟಿನ ಮೇಲಿಟ್ಟ. ಕೇಳಿದವರಿಗೆಲ್ಲ ಕಣ್ಣು ಮಂಜು ಅಂದ. ಕಣ್ಣಿಗೆ ಏನೂ ಆಗಿರಲಿಲ್ಲ, ಅದು ಮನೆಯವರಿಗೆ ಗೊತ್ತಿತ್ತು.

ಈಗಿನ ಸಂಗತಿಗೆ ಬರೋಣ. ಹೋದ ತಿಂಗಳ ಗಾಳಿಗೆ ಬೀಗ ರಿಪೇರಿಯವನ ತಗಡಿನ ಬೋರ್ಡು ಕಿತ್ತು ಬಂದು ಯಾರದೋ ಸೈಕಲ್ಲಿನ ಮೇಲೆ ಬಿತ್ತು. ಕಟ್ಟಡದ ಮಾಲೀಕರು ಸೋಮವಾರ ಸಾಲಿನವರನ್ನೆಲ್ಲ ಕರೆದು, ತಗಡುಗಳನ್ನೆಲ್ಲ ಇಳಿಸಿ ಎಲ್ಲರಿಗೂ ಒಂದೇ ಅಳತೆಯ ಹಗುರವಾದ ಹೊಸ ಬೋರ್ಡು ಹಾಕಿಸುತ್ತೇನೆ ಅಂದರು. ಮೂಲೆಯ ಪ್ರಿಂಟಿಂಗ್ ಅಂಗಡಿಯವನಿಗೆ ಶನಿವಾರ ಸಂಜೆ ಐದರೊಳಗೆ ಅಕ್ಷರ ಬರೆಸಿ ಕೊಡಬೇಕು. ಕೊಡದವರಿಗೆ ಕಂಪ್ಯೂಟರಿನಲ್ಲಿರುವ ಅಕ್ಷರವೇ ಗತಿ. ಒಂಬತ್ತು ಅಂಗಡಿಯವರೂ ಕಂಪ್ಯೂಟರಿನದ್ದೇ ಇರಲಿ ಎಂದು ಒಪ್ಪಿಕೊಂಡರು. ಪಾಪ, ಅವರ ತಪ್ಪೇನು? ಆದರೆ ಅದರ ಅರ್ಥ, ಆ ಬೀದಿಯಲ್ಲಿ ಪೇಂಟರಪ್ಪನ ಕೈಬರಹ ಇನ್ನು ಒಂದೂ ಉಳಿಯುವುದಿಲ್ಲ ಅಂತ.

ಮಾಲೀಕರು ಅಂಗಡಿಯೊಳಗಿದ್ದ ಟೈಲರಮ್ಮನ ಕಡೆ ತಿರುಗಿ, "ನಿಮಗೂ ಕಂಪ್ಯೂಟರಿಂದೇ ಹಾಕಿಸ್ಲೇನಮ್ಮ?" ಅಂದರು.

"ಬೇಡ ಸಾರ್. ನಮ್ಮದು ಮನೇಲೇ ಬರೀತಾರೆ" ಅಂದಳು ಟೈಲರಮ್ಮ, ಹೊಲಿಯುತ್ತಿದ್ದ ರವಿಕೆಯ ತೋಳಿನಿಂದ ಕಣ್ಣೆತ್ತದೆ.

ಬಾಗಿಲ ಬಳಿ ನಿಂತಿದ್ದ ಪೇಂಟರಪ್ಪನ ಕಿವಿಗೆ ಆ ಮಾತು ಬಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಅವಳು ಬೋರ್ಡು ಬೇಕು ಎಂದು ಬಾಯಿಬಿಟ್ಟು ಕೇಳಿದವಳಲ್ಲ. ಇದೂ ಕೇಳಿದ್ದಲ್ಲ. ಆದರೂ ಅವನು ಅವತ್ತು ಕಪಾಟಿನ ಮೇಲಿನ ಬ್ರಷ್ಷಿನ ಡಬ್ಬಿಯನ್ನು ಇಳಿಸಿ ಧೂಳು ಒರೆಸಿಟ್ಟ.

ಬೋರ್ಡಿನ ಸುದ್ದಿ ಕೇಳಿ ಬುಧವಾರ ಮಗಳು ಬಂದಳು. ಊರಿನ ಆಚೆ ತುದಿಯಲ್ಲಿ ಗಂಡನ ಜೊತೆ ಇರುವ ಅವಳು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಾಳೆ. ಅಂಗಡಿಯ ಮೇಲಿನ ಮಹಡಿಯೇ ಇವರ ಮನೆ. ಅಲ್ಲಿ ಕಿಟಕಿ ಪಕ್ಕದ ಮೇಜಿನ ಮೇಲೆ ತನ್ನ ಹಳೆಯ ಲ್ಯಾಪ್‌ಟಾಪು, ಅದಕ್ಕೆ ವೈರು ಜೋಡಿಸಿದ ಒಂದು ಕರಿಯ ಹಲಗೆ, ಒಂದು ಪೆನ್ನು ಹರಡಿದಳು.

"ಅಪ್ಪಾ, ಈ ಹಲಗೆ ಮೇಲೆ ನೀನು ಬರೀತೀಯ. ಅಕ್ಷರ ಆ ಪರದೆ ಮೇಲೆ ಮೂಡುತ್ತೆ."

"ಶಾಯಿ ಎಲ್ಲಿ ತುಂಬೋದು?"

"ಶಾಯಿ ಇಲ್ಲ."

"ಶಾಯಿ ಇಲ್ಲ, ಬಣ್ಣ ಇಲ್ಲ, ಬರೆದ ಕಡೆ ಅಕ್ಷರಾನೂ ಇಲ್ಲ. ಒಳ್ಳೇ ಸಂಸಾರ ಕಣೇ ಮರಿ ಇದು."

"ಬರಿ ನೀನು ಮೊದ್ಲು. ನಿನ್ನ ಕೈ ನಡುಗಿದ್ದನ್ನ ಇದು ಲೆಕ್ಕಕ್ಕೇ ತಗೊಳ್ಳಲ್ಲ, ಹಾಗೆ ಸೆಟ್ ಮಾಡಿದ್ದೀನಿ."

ಪೇಂಟರಪ್ಪ ಪೆನ್ನು ಹಿಡಿದು ಹಲಗೆಯ ಮೇಲೆ ಎಡದಿಂದ ಬಲಕ್ಕೆ ಎಳೆದ. ಕೈ ನಡುಗಿತು. ಪರದೆಯ ಮೇಲಿನ ಗೆರೆ ನಡುಗಲಿಲ್ಲ. ಎರಡು ವರ್ಷದ ಮೇಲೆ ತನ್ನ ಕೈಯಿಂದ ಹೊರಟ ಒಂದು ನೆಟ್ಟನೆಯ ಗೆರೆ ನೋಡಿ ಅವನ ಕಣ್ಣು ತುಂಬಿ ಬಂತು. "ಈ ಪರದೆ ಬೆಳಕು ಜಾಸ್ತಿಯಾಯ್ತು" ಎಂದು ಮುಖ ಒರೆಸಿಕೊಂಡ. ಮಗಳು ಸುಮ್ಮನೆ ಬೆಳಕು ಕಡಿಮೆ ಮಾಡಿದಳು.

ದೂರು ಅಂತಿದ್ದದ್ದು ಒಂದೇ. ಪೆನ್ನು ತೀರಾ ತೆಳು, ತೀರಾ ನುಣುಪು, ಬೆರಳಲ್ಲಿ ನಿಲ್ಲುತ್ತಿರಲಿಲ್ಲ. ಮಗಳ ಎದುರಿಗೇ ಎರಡು ಸಲ ಕೈಜಾರಿ ಬಿತ್ತು. ಟೀ ತಂದಿಟ್ಟು ನಿಂತಿದ್ದ ಟೈಲರಮ್ಮ ಅದನ್ನು ನೋಡಿದಳು.

ಗುರುವಾರವಿಡೀ ಪೇಂಟರಪ್ಪ ಕಾಗದದ ಮೇಲೆ ಅಂಗಡಿಗೊಂದು ಹೆಸರು ಹುಡುಕುವುದರಲ್ಲಿ ಕಳೆದ. ಹೆಂಗಸರ ಅಂಗಡಿಗೆ ಒಪ್ಪುವಂಥದ್ದು, ದೂರದಿಂದ ಓದಲು ಬರುವಂಥದ್ದು, ಅಕ್ಷರದ ಹೊಟ್ಟೆ ದುಂಡಗೆ ಕೂರುವಂಥದ್ದು. ಬರೆದ, ಹೊಡೆದುಹಾಕಿದ. ಸಂಜೆ ಕೈಕಾಲು ತೊಳೆದು ಬಂದಾಗ ಪೆನ್ನು ಮನೆಯ ಪದ್ಧತಿಯಂತೆ ನೀಲಿ ಚೌಕುಳಿಯ ಬಟ್ಟೆ ತೊಟ್ಟು, ಬ್ರಷ್ಷಿನ ಡಬ್ಬಿಯಲ್ಲಿ ಉಳಿದವುಗಳ ಜೊತೆ ನಿಂತಿತ್ತು. ಹಿಡಿದು ನೋಡಿದ. ಕೈಗೆ ಕೂತಿತು. "ನಾಳೆ ಬೆಳಿಗ್ಗೆ ತಂಪು ಹೊತ್ತಲ್ಲಿ ಕೂತು ಬರೆದುಬಿಡ್ತೀನಿ" ಅಂದ.

"ನಾಳೆ ಅಂದ್ರಾ?" ಅಂದಳು ಟೈಲರಮ್ಮ.

"ಈ ಸಲ ನಿಜವಾದ ನಾಳೆ ಕಣೇ."

ಶುಕ್ರವಾರ ಬೆಳಿಗ್ಗೆ ಪೆನ್ನು ಬರೆಯಲಿಲ್ಲ.

ಹಲಗೆಯ ಮೇಲೆ ಆಡಿಸಿದರೆ ಪರದೆಯ ಮೇಲೆ ಬಾಣ ಓಡಾಡುತ್ತಿತ್ತು, ಅದೇನೋ ಸರಿ. ಬರೆಯೋಣ ಎಂದು ಮೊನೆ ತಾಗಿಸಿದರೆ ಸಾಕು, ಬಾಣ ಮಾಯವಾಗಿ ಒಂದು ಪುಟ್ಟ ಕೈ ಪ್ರತ್ಯಕ್ಷವಾಗುತ್ತಿತ್ತು. ಆ ಕೈ ಹಾಳೆಯನ್ನು ಹಿಡಿದೆಳೆದುಕೊಂಡು ಪರದೆಯಿಂದ ಆಚೆ ಹೊರಟುಹೋಗುತ್ತಿತ್ತು. ಪೇಂಟರಪ್ಪ ಬಲಕ್ಕೆ ಎಳೆದರೆ ಹಾಳೆ ಬಲಕ್ಕೆ, ಎಡಕ್ಕೆ ಎಳೆದರೆ ಹಾಳೆ ಎಡಕ್ಕೆ. ಗೋಡೆ ಮೇಲೆ ಬರೆದವನು, ಓಲಾಡುವ ಏಣಿ ಮೇಲೆ ನಿಂತು ಬರೆದವನು, ಓಡಿಹೋಗುವ ಹಾಳೆಯ ಮೇಲೆ ಬರೆಯುವುದನ್ನು ಮಾತ್ರ ಯಾರೂ ಅವನಿಗೆ ಕಲಿಸಿರಲಿಲ್ಲ. ಮಗಳಿಗೆ ಫೋನು ಮಾಡಿದ.

"ಅದು ಹಾಳೆ ಸರಿಸೋ ಕೈ ಅಪ್ಪಾ. ಎಲ್ಲೋ ಒತ್ತಿಬಿಟ್ಟಿದ್ದೀಯ. ಎಡಗಡೆ ಸಾಲಲ್ಲಿ ಬ್ರಷ್ ಚಿತ್ರ ಇದೆ ನೋಡು, ಅದನ್ನ ಒತ್ತು."

"ಒತ್ತಿದೆ. ಬ್ರಷ್ ಬಂತು."

"ಈಗ ಬರಿ."

"ಮತ್ತೆ ಕೈ ಬಂತು."

"ಸಾಫ್ಟ್‌ವೇರ್ ಮುಚ್ಚಿ ಮತ್ತೆ ತೆಗಿ."

ಮುಚ್ಚಿದ, ತೆಗೆದ. ಕೈ ಬಂತು. ಲ್ಯಾಪ್‌ಟಾಪನ್ನೇ ಆಫ್ ಮಾಡಿ ಆನ್ ಮಾಡಿಸಿದಳು. ಈ ಕಾಲದ ವೈದ್ಯಕ್ಕೆ ಎಲ್ಲಾ ರೋಗಕ್ಕೂ ಅದೊಂದೇ ಮಾತ್ರೆ. ಅದಕ್ಕೂ ಜಗ್ಗಲಿಲ್ಲ. ವೈರನ್ನು ಈ ತೂತಿನಿಂದ ತೆಗೆದು ಆ ತೂತಿಗೆ ಹಾಕಿಸಿದಳು. ಹಲಗೆಯ ಜೊತೆ ಬಂದಿದ್ದ ಉಂಗುರದಂಥ ಚಿಮಟದಿಂದ ಪೆನ್ನಿನ ಹಳೆ ಮೊನೆ ಕಿತ್ತು ಹೊಸ ಮೊನೆ ಹಾಕಿಸಿದಳು. ನಡುಗುವ ಬೆರಳಲ್ಲಿ ಅಕ್ಕಿಕಾಳಿನಷ್ಟು ಮೊನೆ ಹಿಡಿದು ತೂತಿಗೆ ಕೂರಿಸುವಷ್ಟರಲ್ಲಿ ಪೇಂಟರಪ್ಪನ ಜೀವ ಬಾಯಿಗೆ ಬಂತು.

"ಇನ್ನು ಡ್ರೈವರ್ ತೆಗೆದು ಮತ್ತೆ ಹಾಕ್ಬೇಕು ಅಪ್ಪಾ."

"ಇದಕ್ಕೆ ಡ್ರೈವರ್ ಬೇರೆ ಇದ್ದಾನಾ? ಹಾಗಾದ್ರೆ ಹಾಳೆ ಓಡಿಸ್ತಿರೋನು ಅವನೇ ಬಿಡು."

ಲ್ಯಾಪ್‌ಟಾಪಿನ ಮಾತು ಹಲಗೆಗೆ, ಹಲಗೆಯ ಮಾತು ಲ್ಯಾಪ್‌ಟಾಪಿಗೆ ದಾಟಿಸುವ ಪ್ರೋಗ್ರಾಮು ಅದು ಎಂದು ಮಗಳು ವಿವರಿಸಿದಳು. ಅದನ್ನು ತೆಗೆದು ಹಾಕಲು ಒಂದು ಗಂಟೆ ಹಿಡಿಯಿತು. ಕೆಳಗೆ ಅಂಗಡಿಯಲ್ಲಿ ಟೈಲರಮ್ಮನ ಮಷೀನು ಓಡುತ್ತಿತ್ತು, ನಡುನಡುವೆ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಅವಳು ಮೇಲಕ್ಕೆ ಕಿವಿಗೊಟ್ಟಿದ್ದಾಳೆ ಎಂದು ಪೇಂಟರಪ್ಪನಿಗೆ ಗೊತ್ತಾಗುತ್ತಿತ್ತು. ಹೊಸ ಡ್ರೈವರು ಬಂದ. ಅವನ ಹಿಂದೆಯೇ ಪುಟ್ಟ ಕೈಯೂ ಬಂತು.

"ಮೌಸ್ ಹಿಡಿದು ಬರಿ ನೋಡೋಣ" ಅಂದಳು ಮಗಳು. ಮೌಸಿನಲ್ಲಿ ಗೆರೆ ಮೂಡಿತು. "ಹಾಗಾದ್ರೆ ತೊಂದ್ರೆ ಪೆನ್ನಲ್ಲೇ ಇದೆ. ವಿಡಿಯೋ ಕಾಲ್ ಮಾಡು, ಪೆನ್ನು ತೋರ್ಸು."

ಅಷ್ಟರಲ್ಲಿ ಟೈಲರಮ್ಮನೂ ಮೇಲೆ ಬಂದಳು. ಪೇಂಟರಪ್ಪ ಪೆನ್ನನ್ನು ಫೋನಿನ ಮುಂದೆ ಹಿಡಿದು ಹಿಂದೆ ಮುಂದೆ ತಿರುಗಿಸಿ ತೋರಿಸಿದ. ಮಗಳು ಕಣ್ಣು ಕಿರಿದು ಮಾಡಿ ನೋಡಿದಳು.

"ಮೊನೆ ಚೆನ್ನಾಗೇ ಕೂತಿದೆಯಲ್ಲಾ. ಬುಧವಾರದಿಂದ ಈಚೆಗೆ ಏನಾದ್ರೂ ಬದಲಾಯಿಸಿದ್ಯಾ ಅಪ್ಪಾ? ಏನೇ ಆಗ್ಲಿ, ಸಣ್ಣದಾದ್ರೂ ಸರಿ."

"ಏನೂ ಇಲ್ಲ ಮರಿ. ನಿನ್ನಾಣೆ."

"ನಾನೂ ಕೈ ಹಚ್ಚಿಲ್ಲಮ್ಮ" ಅಂದಳು ಟೈಲರಮ್ಮ ಹಿಂದಿನಿಂದ. "ಮೇಜಿನ ಧೂಳು ಕೂಡ ಒರೆಸಿಲ್ಲ."

ಮಗಳು ತಲೆ ಕೆರೆದುಕೊಂಡಳು. "ಪೆನ್ನೇ ಹೋಗಿರ್ಬೇಕು. ಎರಡು ಸಲ ಬಿತ್ತಲ್ಲಾ ಅವತ್ತು. ನನ್ನ ಈಗಿನ ಪೆನ್ನು ಈ ಹಲಗೆಗೆ ಆಗಲ್ಲ. ಹೊಸದು ತರಿಸಿದ್ರೆ ಮಂಗಳವಾರ ಬರುತ್ತೆ." ಆಮೇಲೆ ಮೆಲ್ಲಗೆ, "ಅಪ್ಪಾ, ಏನು ಬರೀಬೇಕು ಹೇಳು, ನಾನೇ ಬರೆದು ಕಳಿಸ್ತೀನಿ. ನಿನ್ನ ಅಕ್ಷರ ನಂಗೆ ಬರುತ್ತೆ."

ಬರುತ್ತದೆ, ಅದು ಸುಳ್ಳಲ್ಲ. ಅವಳಿಗೆ ಅಕ್ಷರ ತಿದ್ದಿಸಿದವನು ಅವನೇ.

"ನಾಳೆ ಮಧ್ಯಾಹ್ನದ ತನಕ ನೋಡೋಣ" ಅಂದ ಪೇಂಟರಪ್ಪ. ಫೋನು ಇಟ್ಟ ಮೇಲೆ ಹೆಂಡತಿಯ ಮುಖ ನೋಡದೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೈಲಾಗದವನು ಪೆನ್ನು ಸರಿಯಿಲ್ಲ ಅಂದ ಅಂತಾರೆ" ಅಂದ.

"ಯಾರಂತಾರೆ? ಅನ್ನೋವರನ್ನ ನನ್ನ ಅಂಗಡಿಗೆ ಕಳಿಸಿ" ಅಂದು ಟೈಲರಮ್ಮ ಕೆಳಗಿಳಿದಳು.

ಸಂಜೆ ಅವನು ಮೆಟ್ಟಿಲಲ್ಲಿ ಕೂತಿದ್ದಾಗ ಕನ್ನಡಕದಂಗಡಿಯವರ ಜೊತೆ ಅವಳು ಮಾತಾಡುತ್ತಿದ್ದುದು ಕೇಳಿಸಿತು. ಬೋರ್ಡು ಎಲ್ಲಿಗೆ ಬಂತು ಎಂದು ಅವರು ಕೇಳಿರಬೇಕು. "ಬರೀತಾ ಇದ್ದಾರೆ. ಅವರು ಬರೆಯೋದು ಅಂದ್ರೆ ಸುಮ್ನೆ ಗೀಚೋದಲ್ಲವಲ್ಲ, ಟೈಮ್ ಹಿಡಿಯುತ್ತೆ" ಅನ್ನುತ್ತಿದ್ದಳು. ಪೇಂಟರಪ್ಪನಿಗೆ ಎದ್ದು ಎಲ್ಲಿಗಾದರೂ ಹೋಗಿಬಿಡೋಣ ಅನ್ನಿಸಿತು. ಹೋಗಲು ಜಾಗವೂ ತೋಚದೆ ಅಲ್ಲೇ ಕೂತ.

ಶನಿವಾರ ಬೆಳಿಗ್ಗೆ ಮತ್ತೆ ಎಲ್ಲವನ್ನೂ ಮಾಡಿದ. ಮುಚ್ಚಿದ, ತೆರೆದ, ಕಿತ್ತ, ಸಿಕ್ಕಿಸಿದ. ಹನ್ನೊಂದಕ್ಕೆ ಪೆನ್ನು ಕೆಳಗಿಟ್ಟ. ಆಯಿತು, ಮಗಳೇ ಬರೆಯಲಿ. ಅವಳ ಸಾಮಾನು ಅವಳಿಗೆ ವಾಪಸ್ಸು ಕೊಡೋಣ.

ಬೋರ್ಡು ಬರೆಯುವವರಲ್ಲಿ ಒಂದು ಕಟ್ಟುಪಾಡಿದೆ. ಇನ್ನೊಬ್ಬರಿಂದ ತಂದ ಬ್ರಷ್ಷನ್ನು ಹೇಗೆ ತಂದೆವೋ ಹಾಗೇ ಹಿಂದಿರುಗಿಸಬೇಕು. ತೊಳೆದು, ಒಣಗಿಸಿ, ಬರಿಮೈಯಲ್ಲಿ. ಪೆನ್ನಿಗೆ ತೊಳೆಯುವುದೇನೂ ಇರಲಿಲ್ಲ. ಮೈಮೇಲಿನ ಅಂಗಿ ಬಿಚ್ಚಬೇಕಷ್ಟೆ.

ಆ ಅಂಗಿಯ ವಿಷಯ ಇಲ್ಲಿ ಹೇಳಲೇಬೇಕು. ಬ್ರಷ್ಷಿನ ಹಿಡಿ ತೆಳುವಾದರೆ ಬೆವರುಗೈಯಲ್ಲಿ ಜಾರುತ್ತದೆ. ಬೇರೆ ಪೇಂಟರುಗಳು ಅದಕ್ಕೆ ಚಿಂದಿ ಸುತ್ತುತ್ತಾರೆ. ಪೇಂಟರಪ್ಪನ ಬ್ರಷ್ಷುಗಳ ಯೋಗವೇ ಬೇರೆ, ಮದುವೆಯಾದ ಹೊಸತರಿಂದ ಟೈಲರಮ್ಮ ಒಂದೊಂದಕ್ಕೂ ಉಳಿದ ಬಟ್ಟೆಯಲ್ಲಿ ಅಳತೆಗೆ ಸರಿಯಾಗಿ ಪುಟ್ಟ ಅಂಗಿ ಹೊಲಿದು ತೊಡಿಸುತ್ತಿದ್ದಳು. ಹೊಸ ಬ್ರಷ್ಷು ಮನೆಗೆ ಬಂದ ಮರುದಿನ ಅದರ ಮೈಮೇಲೆ ಅಂಗಿ ಇರುತ್ತಿತ್ತು. ಹೊಲಿಯುತ್ತೀಯಾ ಎಂದು ಅವನು ಕೇಳುತ್ತಿರಲಿಲ್ಲ, ಹೊಲಿದಿದ್ದೇನೆ ಎಂದು ಅವಳು ಹೇಳುತ್ತಿರಲಿಲ್ಲ. ಗುರುವಾರ ಪೆನ್ನಿಗೂ ಅದೇ ಆಗಿತ್ತು.

ಅಂಗಿ ಬಿಗಿಯಾಗಿತ್ತು. ಅವಳ ಹೊಲಿಗೆ ಎಳೆದರೆ ಬರುವಂಥದ್ದಲ್ಲ. ಹೊಲಿಗೆಪೆಟ್ಟಿಗೆಯಿಂದ ಸಣ್ಣ ಕತ್ತರಿ ತಂದು ತುದಿಯ ಎರಡು ಹೊಲಿಗೆ ಬಿಚ್ಚಿ, ಹಾವಿನ ಪೊರೆ ಕಳಚುವ ಹಾಗೆ ಮೆಲ್ಲಗೆ ಸರಿಸಿದ. ಬೆತ್ತಲೆ ಪೆನ್ನನ್ನು ಡಬ್ಬಿಗಿಡುವ ಮುಂಚೆ ಯಾಕೋ ಮನಸ್ಸು ತಡೆಯದೆ ಇನ್ನೊಮ್ಮೆ ಹಲಗೆಗೆ ತಾಗಿಸಿದ.

ಗೆರೆ ಬಂತು.

ಪೇಂಟರಪ್ಪ ಇನ್ನೊಂದು ಗೆರೆ ಎಳೆದ, ಬಂತು. ಅಂಗಿ ತೊಡಿಸಿದ, ಪುಟ್ಟ ಕೈ ಬಂತು. ಬಿಚ್ಚಿದ, ಗೆರೆ. ತೊಡಿಸಿದ, ಕೈ. ಮೂರನೇ ಸಲ ಬಿಚ್ಚಿ ಪೆನ್ನಿನ ಮೈಮೇಲೆ ಬೆರಳಾಡಿಸಿದಾಗ, ಹೆಬ್ಬೆರಳು ಕೂರುವ ಜಾಗದಲ್ಲಿ ಎಳ್ಳಷ್ಟು ಎತ್ತರದ ಒಂದು ಗುಂಡಿ ಸಿಕ್ಕಿತು. ಅದನ್ನು ಒತ್ತಿ ಹಿಡಿದು ಬರೆದರೆ ಹಾಳೆ ಸರಿಯುತ್ತದೆ. ಬಿಗಿಯಾದ ಅಂಗಿ ಆ ಗುಂಡಿಯನ್ನು ಎರಡು ದಿನದಿಂದ ಬಿಡದೆ ಒತ್ತಿ ಹಿಡಿದಿತ್ತು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದ್ದರು ಅಪ್ಪ ಮಗಳು ಸೇರಿ. ಕೂಸು ಕಂಕುಳಲ್ಲೇ ಇತ್ತು, ಊರೆಲ್ಲ ಹುಡುಕಿದ್ದಾಯಿತು.

ನಗು ಬಂತು. ಅದರ ಹಿಂದೆಯೇ ಹೆಂಡತಿಯ ನೆನಪು ಬಂತು. ಇದು ಅವಳಿಗೆ ಗೊತ್ತಾಗಬಾರದು. ಅವಳಾಗಿ ಕೇಳದ ಬೋರ್ಡು, ತಾನು ಕೊಡದ ಬೋರ್ಡು, ಕೊನೆಗೂ ಬರೆಯಲು ಕೂತರೆ ಅವಳದೇ ಹೊಲಿಗೆ ಅಡ್ಡ ಬಂತು ಅನ್ನುವುದೇ? ಸಾಯುವ ತನಕ ಹೇಳಕೂಡದು. ಅಂಗಿಯನ್ನು ಮಡಚಿ ತನ್ನ ಜೇಬಿಗೆ ಹಾಕಿಕೊಂಡ.

ಆದರೆ ಕೈಗೆ ಇದೆಲ್ಲ ಅರ್ಥವಾಗಬೇಕಲ್ಲ. ಬರಿಯ ಪೆನ್ನು ಬೆರಳಲ್ಲಿ ನಿಲ್ಲಲಿಲ್ಲ. ಗಟ್ಟಿಯಾಗಿ ಹಿಡಿದರೆ ನಡುಕ ಹೆಚ್ಚಾಯಿತು, ಹಗುರಾಗಿ ಹಿಡಿದರೆ ಜಾರಿತು. ಒಂದು ಅಕ್ಷರ ಮುಗಿಯುವಷ್ಟರಲ್ಲಿ ಬೆರಳು ಮರಗಟ್ಟಿತು. ಪರದೆಯ ಮೇಲಿನ ಗೆರೆ ನೆಟ್ಟಗಿದ್ದರೂ ಅಕ್ಷರ ಅಕ್ಷರದಂತಿರಲಿಲ್ಲ, ಯಾರೋ ಹೆದರಿಕೊಂಡು ಬರೆದಂತಿತ್ತು. ಹನ್ನೆರಡೂವರೆಗೆ ಪೆನ್ನು ಮೂರನೇ ಸಲ ನೆಲಕ್ಕೆ ಬಿದ್ದು ಉರುಳಿ, ಊಟಕ್ಕೆ ಮೇಲೆ ಬಂದ ಟೈಲರಮ್ಮನ ಕಾಲ ಬಳಿ ಹೋಗಿ ನಿಂತಿತು.

ಅವಳು ಎತ್ತಿಕೊಂಡಳು. "ಅಂಗಿ ಎಲ್ಲಿ?"

"ಸೆಕೆ ಅಂತ ಬಿಚ್ಚಿದೆ."

"ಪೆನ್ನಿಗೆ ಸೆಕೆಯಾ?"

"ಈಗ ಬರೀತಾ ಇದೆ ಕಣೇ, ತಾನಾಗೇ ಸರಿಹೋಯ್ತು. ಇವೆಲ್ಲಾ ಹಾಗೇ, ಮನಸ್ಸು ಬಂದಾಗ..."

ಟೈಲರಮ್ಮ ಅವನ ಮಾತು ಕೇಳುತ್ತಿರಲಿಲ್ಲ. ಜೇಬಿನಿಂದ ನೀಲಿ ಚೌಕುಳಿ ಇಣುಕುತ್ತಿತ್ತು. ಕೈಹಾಕಿ ತೆಗೆದಳು, ಬಿಚ್ಚಿದ ಹೊಲಿಗೆ ನೋಡಿದಳು. ಪೆನ್ನಿನ ಮೇಲೆ ಹೆಬ್ಬೆರಳು ಸವರಿದಳು, ಗುಂಡಿಯ ಮೇಲೆ ಬೆರಳು ನಿಂತಿತು. ಬಟ್ಟೆ ಮುಟ್ಟಿ ಊರವರ ಮೈಯಳತೆ ಹೇಳುವವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನಾನೇ ಅಡ್ಡಗಾಲು ಹಾಕಿದ್ದಾ?" ಅಂದಳು.

"ಛೆ, ಹಾಗಲ್ವೇ. ನಿನ್ನ ಅಂಗಿ ಇಲ್ದೆ ಒಂದಕ್ಷರಾನೂ ಬರೆಯೋಕಾಗ್ತಿಲ್ಲ ನಂಗೆ. ನೋಡಿಲ್ಲಿ ಬೇಕಾದ್ರೆ, ಈ ಅಕ್ಷರಕ್ಕೆ ಬಂದಿರೋ ಗತಿ."

ಅವಳು ಪರದೆಯ ಕಡೆ ನೋಡಲಿಲ್ಲ. ಅಂಗಿಯನ್ನೇ ತಿರುಗಿಸಿ ನೋಡುತ್ತಿದ್ದಳು. ಅವಳ ಮುಖ ಕೆಂಪಾಯಿತು. ಅಳುತ್ತಾಳೆ ಎಂದು ಪೇಂಟರಪ್ಪ ಗಾಬರಿಯಾದ.

"ಮೂವತ್ತು ವರ್ಷದಿಂದ ಹೊಲೀತಿದ್ದೀನಿ" ಅಂದಳು ಟೈಲರಮ್ಮ. "ಗುಂಡಿ ಇರೋ ಕಡೆ ಕಾಜಾ ಬಿಡ್ದೇ ಹೊಲಿದಿದ್ದು ಇದೇ ಮೊದ್ಲು. ಯಾರಿಗೂ ಹೇಳ್ಬೇಡಿ, ಅಂಗಡಿ ಮುಚ್ಚಬೇಕಾಗುತ್ತೆ!" ಅಂದವಳು ನಗಲು ಶುರುಮಾಡಿದಳು. ನಕ್ಕೂ ನಕ್ಕೂ ಮೇಜಿನ ಅಂಚು ಹಿಡಿದುಕೊಂಡಳು. ಎರಡು ದಿನದಿಂದ ಮುಖ ಗಂಟುಹಾಕಿಕೊಂಡಿದ್ದ ಪೇಂಟರಪ್ಪನೂ ನಕ್ಕ.

ಊಟ ಪಕ್ಕಕ್ಕೆ ಸರಿಯಿತು. ಅಂಗಿಯ ಮೇಲೆ ಬಳಪದಿಂದ ಗುರುತು ಹಾಕಿ, ಸೀಳು ಬಿಟ್ಟು, ಅಂಚಿಗೆ ಕೈಯಲ್ಲೇ ಕಾಜಾ ಹೊಲಿದಳು. ದೊಡ್ಡವರ ಕೋಟಿಗೂ ಅಷ್ಟು ಒತ್ತಾದ ಕಾಜಾ ಹಾಕಿದ್ದಿಲ್ಲ. ತೊಡಿಸಿದಾಗ ಪೆನ್ನಿನ ಗುಂಡಿ ಸೀಳಿನಲ್ಲಿ ಸರಿಯಾಗಿ ಬಂದು ಕೂತಿತು. ಪೇಂಟರಪ್ಪ ಹಲಗೆಗೆ ತಾಗಿಸಿದ. ಪುಟ್ಟ ಕೈ ಬರಲಿಲ್ಲ. ಅವನ ಕೈಯೇ ಬಂತು.

"ಈಗ ಹೇಳು, ಏನು ಬರೀಲಿ?" ಅಂದ. ಗುರುವಾರದ ಕಾಗದ ತೆಗೆದು ಹದಿನಾಲ್ಕು ಹೆಸರು ಓದಿದ. ಅವಳು ಪ್ರತಿಯೊಂದಕ್ಕೂ ಮೂಗು ಮುರಿದಳು.

"ಇದ್ಯಾವುದನ್ನಾದ್ರೂ ಹಾಕಿದ್ರೆ ನನ್ನ ಗಿರಾಕಿಗಳು ಯಾವುದೋ ಹೊಸಬರ ಅಂಗಡಿ ಅಂದ್ಕೊಂಡು ಮುಂದೆ ಹೋಗ್ತಾರೆ. ನನ್ನ ಅಂಗಡಿಗೆ ಹೆಸರಿಲ್ವಾ? ಊರಿಗೆಲ್ಲಾ ಗೊತ್ತು. ಅದನ್ನೇ ಬರೀರಿ."

"ಯಾವುದು?"

"ಬೋರ್ಡಿಲ್ಲದ ಅಂಗಡಿ."

ಪೇಂಟರಪ್ಪ ಪೆನ್ನು ಕೆಳಗಿಟ್ಟ. "ಏನೇ, ನನ್ನ ತಪ್ಪನ್ನ ನನ್ನ ಕೈಯಲ್ಲೇ ಬರೆಸಿ ಬೀದಿಗೆ ನೇತು ಹಾಕ್ತೀಯಾ?"

"ಹ್ಞೂಂ. ದೊಡ್ಡ ಅಕ್ಷರದಲ್ಲಿ."

"ನೋಡಿದವರು ನಗ್ತಾರೆ."

"ನಗ್ಲಿ. ನಕ್ಕವರು ಒಳಗೆ ಬರ್ತಾರೆ." ಆಮೇಲೆ ಅವನ ಹೆಗಲಿನ ಮೇಲೊಂದು ಕೈಯಿಟ್ಟು, "ಇಷ್ಟು ವರ್ಷ ಆ ಹೆಸರಲ್ಲೇ ಬದುಕಿದ್ದೀನಿ. ಆ ಹೆಸರು ಕೊಟ್ಟೋರೂ ನೀವೇ. ಬರೀರಿ ಈಗ, ಎರಡು ಗಂಟೆ ಆಯ್ತು."

ಬರೆದ. ಮೊದಲ ಅಕ್ಷರದ ಹೊಟ್ಟೆಯನ್ನು ಆರು ಸಲ ಬರೆದು ಅಳಿಸಿ ಏಳನೆಯದನ್ನು ಉಳಿಸಿದ. ಕಂಪ್ಯೂಟರು ನಡುಕವನ್ನು ಮರೆಸುತ್ತಿತ್ತು, ನಿಜ. ಆದರೆ ಎಲ್ಲಿ ದಪ್ಪ, ಎಲ್ಲಿ ತೆಳು, ಯಾವ ತಿರುವಿನಲ್ಲಿ ಒಂದು ಕ್ಷಣ ನಿಂತು ಮುಂದೆ ಹೋಗಬೇಕು ಅನ್ನುವುದೆಲ್ಲ ಅವನ ಕೈಗೇ ಗೊತ್ತಿತ್ತು. ಟೈಲರಮ್ಮ ಅವತ್ತು ಮಧ್ಯಾಹ್ನ ಅಂಗಡಿಯ ಬಾಗಿಲು ತೆರೆಯಲೇ ಇಲ್ಲ. ಅವನ ಪಕ್ಕದಲ್ಲಿ ಕುರ್ಚಿಯಲ್ಲಿ ಕೂತು, ಒಂದೊಂದಕ್ಷರ ಮೂಡುವುದನ್ನೂ ನೋಡಿದಳು. ನಾಲ್ಕೂ ನಲವತ್ತಕ್ಕೆ ಪೇಂಟರಪ್ಪ ಪೆನ್ನು ಕೆಳಗಿಟ್ಟು, ಎರಡು ಕೈಯನ್ನೂ ಒಟ್ಟಿಗೆ ಹಿಡಿದುಕೊಂಡು ಕೂತ.

ಮಗಳು ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಪ್ರಿಂಟಿಂಗ್ ಅಂಗಡಿಗೆ ಕಳಿಸಿದ್ದಾಯಿತು. "ಅಪ್ಪಾ, ಸೂಪರ್! ಅದು ಸರಿ, ಪೆನ್ನಿಗೆ ಏನಾಗಿತ್ತು?" ಎಂದು ಅವಳು ಕೇಳಿದಳು.

ಪೇಂಟರಪ್ಪ ಹೆಂಡತಿಯ ಮುಖ ನೋಡಿದ. ಅವಳೇ ಫೋನು ಕಿತ್ತುಕೊಂಡು, "ಅಂಗಿಗೆ ಕಾಜಾ ಇರ್ಲಿಲ್ಲ ಕಣೇ. ಗುಂಡಿ ಒಳಗೇ ಒತ್ಕೊಂಡು ಕೂತಿತ್ತು" ಅಂದಳು.

"ಅಮ್ಮಾ, ವಿಡಿಯೋದಲ್ಲಿ ನಾನೂ ನೋಡಿದ್ದೆ. ಕಣ್ಣೆದುರಿಗೇ ಇತ್ತು, ಕಾಣ್ಲೇ ಇಲ್ಲ" ಅಂದಳು ಮಗಳು. "ನೆನಪಿದ್ಯಾ ನಿಂಗೆ? ಶಾಲೇಲಿ ಮೊದಲನೇ ಸಲ ಬರೀ ಬ್ರಷ್ ಕೊಟ್ಟಾಗ, ಇದಕ್ಕೆ ಬಟ್ಟೆ ಹಾಕಿಲ್ಲ ಅಂತ ಅತ್ಕೊಂಡು ಮನೆಗೆ ಬಂದಿದ್ದೆ. ಬ್ರಷ್ ಎಲ್ಲಾ ಅಂಗಿ ತೊಟ್ಕೊಂಡೇ ಹುಟ್ಟೋದು ಅಂದ್ಕೊಂಡಿದ್ದೆ ನಾನು."

ಬುಧವಾರ ಹತ್ತು ಬೋರ್ಡುಗಳೂ ಏರಿದವು. ಒಂಬತ್ತು ಒಂದೇ ಥರ, ಚೊಕ್ಕಟವಾಗಿ, ಓದಲು ಸುಲಭವಾಗಿ ಇದ್ದವು. ಹತ್ತನೆಯದು ಮಾತ್ರ ಹಾದಿಹೋಕರನ್ನು ನಿಲ್ಲಿಸುತ್ತಿತ್ತು. ಬೋರ್ಡು ಏರಿದ ಮೇಲೆ ರಸ್ತೆ ದಾಟಿ ಎದುರು ನಿಂತು ನೋಡುವುದು ಪೇಂಟರಪ್ಪನ ಹಳೆಯ ಅಭ್ಯಾಸ. ಎರಡು ವರ್ಷದಿಂದ ಬಿಟ್ಟುಹೋಗಿತ್ತು. ಇವತ್ತು ದಾಟಿದ. ಅವನ ಹಿಂದೆ, ಕುತ್ತಿಗೆಗೆ ಅಳತೆ ಟೇಪು ನೇತುಹಾಕಿಕೊಂಡೇ ಟೈಲರಮ್ಮನೂ ದಾಟಿ ಬಂದು ಪಕ್ಕದಲ್ಲಿ ನಿಂತಳು. ಆ ಸಾಲಿನಲ್ಲಿ ಇಷ್ಟು ವರ್ಷ ಕೂತವಳು ತನ್ನ ಅಂಗಡಿಯನ್ನು ಎದುರಿನಿಂದ ನೋಡಿದ್ದೇ ಕಡಿಮೆ.

ತುಂಬಾ ಹೊತ್ತು ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಗ ಬಟ್ಟೆಯ ಗಂಟು ಹಿಡಿದ ಒಬ್ಬ ಹೆಂಗಸು ಬಂದು, "ಅಮ್ಮಾ, ಇಲ್ಲಿ ಬೋರ್ಡಿಲ್ಲದ ಅಂಗಡಿ ಅಂತ ಇದೆಯಂತಲ್ಲ, ಎಲ್ಲಿ ಬರುತ್ತೆ?" ಎಂದು ಕೇಳಿದಳು.

ಟೈಲರಮ್ಮ ನೆಟ್ಟಗೆ ನಿಂತು, ತೋಳು ಪೂರ್ತಿ ಚಾಚಿ ಎದುರಿಗೆ ತೋರಿಸಿದಳು.

"ಅದೇ ನೋಡಿ" ಅಂದಳು. "ಬೋರ್ಡಿದೆಯಲ್ಲಾ."